ಮಳೆಗೆ ಮೊಳಗದ ಗಂಟೆ: ಹಿರಿಯ ಪ್ರಾಥಮಿಕ ಶಾಲೆಯೊಂದರ ಆವಿಷ್ಕಾರ ತರಗತಿಯ ಪ್ರಕರಣ ಅಧ್ಯಯನ

ಉಡುಪಿ ನಗರದಿಂದ ಪೂರ್ವಕ್ಕೆ, ಹಿರಿಯಡ್ಕ ಮತ್ತು ಪೆರ್ಡೂರಿನ ಆಸುಪಾಸಿನ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ 2024ರ ನವೆಂಬರಿನಿಂದ 2025ರ ಫೆಬ್ರವರಿಯ ಕೊನೆಯವರೆಗೆ, ಮಳೆ ಬಂದರೆ ಕೂಗುವ ಗಂಟೆಯೊಂದನ್ನು ಮಾಡಲು ನಡೆದ ಕೆಲಸದ ದಾಖಲೆ ಇದು. ಆರು, ಏಳು ಮತ್ತು ಎಂಟನೆಯ ತರಗತಿಗಳ ಒಟ್ಟು 23 ಮಕ್ಕಳು, ಅವರ ವಿಜ್ಞಾನ ಶಿಕ್ಷಕಿ ಮತ್ತು ಎಂಜಿನಿಯರಿಂಗ್ ಕಾಲೇಜೊಂದರ ಕಾರ್ಯಾಗಾರದಲ್ಲಿ ಬಹುಕಾಲ ಕಲಿಸಿ ನಿವೃತ್ತನಾದ ನಾನು ಇದರಲ್ಲಿ ಪಾಲುಗೊಂಡವರು. ಶನಿವಾರದ ಅರ್ಧ ದಿನದ ಶಾಲೆಯ ಕೊನೆಯ ಎರಡು ಅವಧಿಗಳನ್ನು ಮುಖ್ಯ ಶಿಕ್ಷಕರು ನಮಗೆ ಬಿಟ್ಟುಕೊಟ್ಟಿದ್ದರು. ಆರರಿಂದ ಎಂಟನೆಯ ತರಗತಿಯ ನಡುವೆ ಮಕ್ಕಳು ಹತ್ತು ದಿನ ಚೀಲವಿಲ್ಲದೆ ಬಂದು ಕೈಕೆಲಸಗಳನ್ನು ಕಲಿಯಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ಆ ಮಾತನ್ನು ಶನಿವಾರಗಳಿಗೆ ಹಂಚಿಕೊಂಡಿದ್ದೇವೆ ಎಂಬುದೇ ನಮ್ಮ ಆಡಳಿತಾತ್ಮಕ ಸಮರ್ಥನೆಯಾಗಿತ್ತು. ಶಾಲೆಯ ಹೆಸರನ್ನೂ ಮಕ್ಕಳ ಹೆಸರನ್ನೂ ಬೇಕೆಂದೇ ಬಿಟ್ಟಿದ್ದೇನೆ.

ಹಿಂದಿನ ವರ್ಷದ ಅನುಭವವನ್ನು ಮೊದಲು ಹೇಳಬೇಕು. ದಾನಿಗಳೊಬ್ಬರು ಕೊಟ್ಟ ಇಲೆಕ್ಟ್ರಾನಿಕ್ಸ್ ಪೆಟ್ಟಿಗೆಯೊಂದು ಶಾಲೆಯಲ್ಲಿತ್ತು. ಯಾವ ತಂತಿಯನ್ನು ಎಲ್ಲಿಗೆ ಸಿಕ್ಕಿಸಬೇಕೆಂದು ಬಣ್ಣದ ಚಿತ್ರಗಳಲ್ಲಿ ತೋರಿಸಿದ ಪುಸ್ತಿಕೆಯೂ ಅದರೊಳಗಿತ್ತು. ಮಕ್ಕಳು ಚಿತ್ರ ನೋಡಿ ಜೋಡಿಸಿದರು, ದೀಪ ಹೊತ್ತಿತು, ಫೋಟೊ ತೆಗೆದದ್ದೂ ಆಯಿತು. ಮರುವಾರ ಅದೇ ಮಂಡಲವನ್ನು, ಅಂದರೆ ವಿದ್ಯುತ್ ಸರ್ಕ್ಯೂಟನ್ನು, ಪುಸ್ತಿಕೆಯಿಲ್ಲದೆ ಜೋಡಿಸಲು ಹೇಳಿದಾಗ ಒಂದು ಗುಂಪಿನಿಂದಲೂ ಆಗಲಿಲ್ಲ. ಪೆಟ್ಟಿಗೆಯ ತಪ್ಪು ಎಂದು ನಾನು ಹೇಳುವುದಿಲ್ಲ. ಅಡುಗೆಯ ಪುಸ್ತಕ ನೋಡಿ ಸಾರು ಮಾಡಿದವರಿಗೆ ಉಪ್ಪು ಹೆಚ್ಚಾದರೆ ಏನು ಮಾಡಬೇಕೆಂಬುದು ತಿಳಿಯುವುದಿಲ್ಲ, ಅಷ್ಟೆ. ನೀತಿ ಆಯೋಗದ ಅಟಲ್ ಇನ್ನೊವೇಶನ್ ಮಿಷನ್ ಅಡಿಯಲ್ಲಿ 2016ರಿಂದ ಶಾಲೆಗಳಿಗೆ 20 ಲಕ್ಷ ರೂಪಾಯಿವರೆಗೆ ಅನುದಾನ ಕೊಟ್ಟು, ಮಕ್ಕಳು ಕೈಯಾರೆ ಮಾಡಿ ಕಲಿಯುವ ಟಿಂಕರಿಂಗ್ ಲ್ಯಾಬ್‌ಗಳನ್ನು ತೆರೆಯಲಾಗುತ್ತಿದೆ. ಐದು ವರ್ಷಗಳಲ್ಲಿ ಸರಕಾರಿ ಶಾಲೆಗಳಲ್ಲಿ ಇನ್ನೂ 50,000 ಲ್ಯಾಬ್‌ಗಳು ಬರಲಿವೆ ಎಂದು 2025ರ ಫೆಬ್ರವರಿ 1ರ ಕೇಂದ್ರ ಬಜೆಟ್ಟಿನಲ್ಲಿ ಪ್ರಕಟವಾದಾಗ ನಮ್ಮ ಈ ಕೆಲಸ ಇನ್ನೂ ನಡೆಯುತ್ತಿತ್ತು. ಉಪಕರಣ ಬರುವುದು ಒಳ್ಳೆಯದೇ. ಉಪಕರಣ ಬಂದ ಮರುದಿನ ಮಕ್ಕಳ ಮುಂದೆ ಯಾವ ಪ್ರಶ್ನೆಯನ್ನು ಇಡಬೇಕು ಎಂಬುದು ಮಾತ್ರ ಅನುದಾನದಿಂದ ಬಗೆಹರಿಯುವ ವಿಷಯವಲ್ಲ.

ಸಮಸ್ಯೆಯ ಆಯ್ಕೆ

ಮೊದಲ ಶನಿವಾರ ಮಕ್ಕಳು ಬರೆದುಕೊಟ್ಟ ಪಟ್ಟಿಯಲ್ಲಿ ರೋಬೊಟ್ ಏಳು ಸಲ, ಡ್ರೋನ್ ಐದು ಸಲ ಇತ್ತು. ಬಂಟ್ವಾಳ ತಾಲೂಕಿನ ಸಜೀಪಮೂಡದ ಕೃಷಿಕರೊಬ್ಬರು ತಯಾರಿಸಿದ, 2019ರಲ್ಲಿ ದೇಶದಾದ್ಯಂತ ಸುದ್ದಿಯಾದ, ಅಡಿಕೆ ಮರ ಏರುವ ಬೈಕಿನಂಥ ಯಂತ್ರವನ್ನು ಇಬ್ಬರು ಬರೆದಿದ್ದರು. ಶಿಕ್ಷಕಿ ಆ ಯಂತ್ರವನ್ನೇ ಹಿಡಿದುಕೊಂಡು, ಅದನ್ನು ಮಾಡಿದವರು ಯಂತ್ರದ ಅಂಗಡಿಯವರೇ, ತೋಟದವರೇ ಎಂದು ಕೇಳಿದರು. ತೋಟದವರು ಎಂಬ ಉತ್ತರ ಬಂದ ಮೇಲೆ, ಮುಂದಿನ ವಾರದೊಳಗೆ ನಿಮ್ಮ ಮನೆಯಲ್ಲಿ ದಿನವೂ ಯಾರಾದರೂ ಬೈದುಕೊಂಡು ಮಾಡುವ ಒಂದು ಕೆಲಸವನ್ನು ನೋಡಿಕೊಂಡು ಬನ್ನಿ ಎಂದರು. ಬೈದುಕೊಂಡು ಮಾಡುವ ಕೆಲಸ ಎಂಬ ಮಾತು ಮಕ್ಕಳಿಗೆ ಒಡನೆಯೇ ಹಿಡಿಸಿತು.

ಎರಡನೆಯ ಶನಿವಾರ ಬಂದ ಪಟ್ಟಿಯೇ ಬೇರೆ. ಅದರಲ್ಲಿ ಒಂಬತ್ತು ಮಕ್ಕಳು ಒಂದೇ ವಿಷಯವನ್ನು ಬೇರೆಬೇರೆ ಮಾತುಗಳಲ್ಲಿ ಬರೆದಿದ್ದರು: ಜಾಲಿನಲ್ಲಿ, ಅಂದರೆ ಮನೆಯೆದುರಿನ ಅಂಗಳದಲ್ಲಿ, ಹರಡಿದ ಅಡಿಕೆಗೆ ಹೇಳದೆ ಕೇಳದೆ ಬರುವ ಮಳೆ. ನಮ್ಮ ಕಡೆಯ ಚಾಲಿ ಅಡಿಕೆ ಹಣ್ಣಾದ ಮೇಲೆ ಕೊಯ್ದು ಸಿಪ್ಪೆಸಮೇತ ಸುಮಾರು ನಲ್ವತ್ತು ದಿನ ಬಿಸಿಲಿನಲ್ಲಿ ಒಣಗಬೇಕಾದದ್ದು. ನಡುವೆ ಒಂದು ಮಳೆಗೆ ನೆನೆದರೂ ಬೂಷ್ಟು ಹಿಡಿದು, ಸುಲಿದಾಗ ಒಳಗಿನ ಬಣ್ಣ ಕೆಟ್ಟು, ಬೆಲೆ ಇಳಿಯುತ್ತದೆ. ಅನುಕೂಲವಿದ್ದವರು ಪ್ಲಾಸ್ಟಿಕ್ ಹೊದೆಸಿದ ಸೋಲಾರ್ ಗೂಡು ಕಟ್ಟಿಸಿಕೊಂಡಿದ್ದಾರೆ. ಈ ಮಕ್ಕಳ ಮನೆಗಳಲ್ಲಿ ಹೆಚ್ಚಿನವಕ್ಕೆ ಅದಿಲ್ಲ. ಹಗಲು ಹೊತ್ತು ಮನೆಯಲ್ಲಿರುವವರು ಅಜ್ಜಿ ಅಥವಾ ಅಮ್ಮ. ಅವರು ಒಳಗೆ ಅಡುಗೆಯಲ್ಲೋ ಹಟ್ಟಿಯಲ್ಲೋ ಇರುವಾಗ ಹನಿ ಬಿದ್ದರೆ ಗೊತ್ತಾಗುವಷ್ಟರಲ್ಲಿ ಅಡಿಕೆ ನೆನೆದಿರುತ್ತದೆ.

ಐದು ತಂಡಗಳಾದವು. ಎರಡು ತಂಡಗಳು ಮಳೆಯ ಸೂಚನೆ ಕೊಡುವ ಗಂಟೆಯನ್ನೂ ಒಂದು ತಂಡ ಟಾರ್ಪಾಲನ್ನು ಬೇಗ ಎಳೆಯುವ ಉಪಾಯವನ್ನೂ ಆಯ್ದುಕೊಂಡವು. ಉಳಿದ ಎರಡು ತಂಡಗಳ ಕೆಲಸ ಡಿಸೆಂಬರಿನಲ್ಲೇ ನಿಂತುಹೋಯಿತಾದ್ದರಿಂದ ಅವುಗಳನ್ನು ಇಲ್ಲಿ ಬಿಟ್ಟಿದ್ದೇನೆ.

ಏನನ್ನಾದರೂ ಕತ್ತರಿಸುವ, ಅಂಟಿಸುವ ಮೊದಲು ಒಂದು ಪುಟ ಬರೆಯಬೇಕೆಂದು ನಾವು ಹಟ ಹಿಡಿದೆವು. ಮಾಡಿದ ವಸ್ತು ಕೆಲಸ ಮಾಡಿತು ಎಂದು ನಿಮಗೆ ಹೇಗೆ ಗೊತ್ತಾಗುತ್ತದೆ ಎಂಬುದೇ ಆ ಪುಟದ ಪ್ರಶ್ನೆ. ಗಂಟೆ ಕೂಗಿದರೆ ಕೆಲಸ ಮಾಡಿದಂತೆ ಎಂದು ಎಲ್ಲರೂ ಬರೆದರು. ಯಾವಾಗ ಕೂಗಿದರೆ ಎಂದು ಕೇಳಿದಾಗ ಚರ್ಚೆ ಶುರುವಾಯಿತು. ಇಬ್ಬರು ಸೇರಿ ಅಂಗಳದ ಅಡಿಕೆಯನ್ನು ಮುಚ್ಚಲು ಎಷ್ಟು ಹೊತ್ತು ಬೇಕೆಂದು ನಾಲ್ಕು ಮನೆಗಳಲ್ಲಿ ಮೊಬೈಲಿನ ಗಡಿಯಾರ ಹಿಡಿದು ಅಳೆದುಕೊಂಡು ಬಂದರು. ಆರರಿಂದ ಏಳು ನಿಮಿಷ ಎಂದಾಯಿತು. ಆದ್ದರಿಂದ ಹನಿ ಬಿದ್ದ ಒಂದು ನಿಮಿಷದೊಳಗೆ ಗಂಟೆ ಕೂಗಬೇಕು ಎಂಬುದು ಮೊದಲ ಷರತ್ತು. ಮಳೆ ಎಂದರೆ ಯಾವ ಮಳೆ ಎಂಬ ಪ್ರಶ್ನೆ ಬಂದಾಗ ಮನೆಮಾತಾದ ತುಳು ನೆರವಿಗೆ ಬಂತು. ಪನಿ ಬರ್ಸಕ್ಕೇ, ಅಂದರೆ ತುಂತುರಿಗೇ, ಕೂಗಬೇಕು ಎಂದು ಬರೆದುಕೊಂಡರು. ಇಬ್ಬನಿಗೆ ಕೂಗಬಾರದು, ಅಡುಗೆಮನೆಯಲ್ಲಿ ಮಿಕ್ಸಿ ತಿರುಗುತ್ತಿದ್ದರೂ ಕೇಳಿಸಬೇಕು, ಒಮ್ಮೆ ಕೂಗಿದ ಮೇಲೆ ಮಕ್ಕಳ ಸಹಾಯವಿಲ್ಲದೆ ಅಜ್ಜಿಯೇ ಮತ್ತೆ ಸರಿಮಾಡಿ ಇಡುವಂತಿರಬೇಕು, ನೂರು ರೂಪಾಯಿ ಮೀರಬಾರದು ಎಂಬವು ಉಳಿದ ಷರತ್ತುಗಳು. ಅಜ್ಜಿಯ ಷರತ್ತನ್ನು ಸೇರಿಸಿದವಳು ಏಳನೆಯ ತರಗತಿಯ ಹುಡುಗಿ. ಅವಳ ಮನೆಯಲ್ಲಿ ಟಿವಿಯ ರಿಮೋಟ್ ಒತ್ತಲೂ ಅಜ್ಜಿ ಅವಳನ್ನೇ ಕರೆಯುತ್ತಾರಂತೆ. ಈ ಪುಟಕ್ಕೆ ಎರಡು ಶನಿವಾರಗಳು ಹೋದವು. ಆಗ ನನಗೆ ಅದು ಹೆಚ್ಚೆನಿಸಿತ್ತು.

ನಾನು ಕೊಟ್ಟ ಮಂಡಲ

ಇಲ್ಲಿ ನನ್ನ ತಪ್ಪನ್ನು ಹೇಳಬೇಕು. ವಿಜ್ಞಾನ ಮೇಳಗಳಲ್ಲಿ ಕಾಣಸಿಗುವ ಮಳೆಗಂಟೆಯ ಮಂಡಲ ನನ್ನ ತಲೆಯಲ್ಲಿ ಸಿದ್ಧವಾಗಿತ್ತು: ಒಂಬತ್ತು ವೋಲ್ಟಿನ ಬ್ಯಾಟರಿ, ಬಿ.ಸಿ. 547 ಎಂಬ ಟ್ರಾನ್ಸಿಸ್ಟರ್, ಒಂದು ಬಝರ್, ಪ್ಲಾಸ್ಟಿಕ್ ಮುಚ್ಚಳದ ಮೇಲೆ ಪಕ್ಕಪಕ್ಕದಲ್ಲಿ ಎಳೆದ ಎರಡು ಬರಿಯ ತಾಮ್ರದ ತಂತಿ. ತಂತಿಗಳ ನಡುವೆ ನೀರು ಬಿದ್ದರೆ ಅದರ ಮೂಲಕ ಹರಿಯುವ ಅತ್ಯಲ್ಪ ವಿದ್ಯುತ್ತನ್ನು ಟ್ರಾನ್ಸಿಸ್ಟರ್ ನೂರಾರು ಪಟ್ಟು ಹಿಗ್ಗಿಸಿ ಬಝರಿಗೆ ಕೊಡುತ್ತದೆ. ಸಾಮಾನುಗಳನ್ನು ನಾನೇ ಉಡುಪಿಯ ಅಂಗಡಿಯಿಂದ ತಂದು, ಚಿತ್ರವನ್ನು ಹಲಗೆಯ ಮೇಲೆ ಬರೆದು, ಬೆಸುಗೆ ಹಾಕುವುದನ್ನು ತೋರಿಸಿಕೊಟ್ಟೆ. ಬಣ್ಣದ ಪುಸ್ತಿಕೆಯನ್ನು ಟೀಕಿಸಿದ್ದ ಮನುಷ್ಯ ತಾನೇ ಪುಸ್ತಿಕೆಯಾದದ್ದು ನನಗೆ ಆಗ ಹೊಳೆಯಲಿಲ್ಲ.

ಬೆಸುಗೆಯ ವಿಷಯದಲ್ಲಿ ಒಂದು ಮಾತು. ಮೊದಲ ದಿನ ಹುಡುಗರು ಬೆಸುಗೆ ಕೋಲನ್ನು ಹಿಡಿದರು, ಹುಡುಗಿಯರು ನೋಟುಪುಸ್ತಕ ಹಿಡಿದರು. ಯಾರೂ ಹಾಗೆ ಹೇಳಿರಲಿಲ್ಲ. ಶಿಕ್ಷಕಿ ಅದನ್ನು ಗಮನಿಸಿ, ವಾರಕ್ಕೊಮ್ಮೆ ಕೋಲೂ ಪುಸ್ತಕವೂ ಕೈ ಬದಲಾಗಬೇಕೆಂದು ನಿಯಮ ಮಾಡಿದರು. ಇಬ್ಬರು ಹುಡುಗರು ಪುಸ್ತಕ ಬರೆಯಬೇಕಾಗಿ ಬಂದಾಗ ಮುಖ ಊದಿಸಿಕೊಂಡರು. ಮುಂದೆ ಅವರಲ್ಲೊಬ್ಬನ ಬರವಣಿಗೆಯೇ ನಮಗೆ ಬಹಳ ಉಪಯೋಗಕ್ಕೆ ಬಂತು.

ತರಗತಿಯಲ್ಲಿ ಬಾಟಲಿಯ ನೀರನ್ನು ಬೆರಳಲ್ಲಿ ಚಿಮುಕಿಸಿದಾಗ ಎರಡೂ ತಂಡಗಳ ಬಝರ್ ಕಿವಿಗಡಚಿಕ್ಕುವಂತೆ ಕೂಗಿದವು. ಮಕ್ಕಳು ಕುಣಿದರು. ಮೂರು ಮನೆಗಳಲ್ಲಿ ಅವನ್ನು ಹೂಡಲಾಯಿತು. ನಂತರ ಪುದುಚೇರಿಯ ಬಳಿ ದಡ ಸೇರಿದ ಫೆಂಗಲ್ ಚಂಡಮಾರುತದ ಪರಿಣಾಮವಾಗಿ ಡಿಸೆಂಬರಿನ ಮೊದಲ ವಾರ ನಮ್ಮ ಕರಾವಳಿಯಲ್ಲೂ ಮಳೆಯಾಯಿತು. ಪ್ರಯೋಗಕ್ಕೆ ಇದಕ್ಕಿಂತ ಒಳ್ಳೆಯ ಗಳಿಗೆ ಸಿಗಲಾರದು ಎಂದು ನಾನು ಅಂದುಕೊಂಡಿದ್ದೆ. ಒಂದು ಮನೆಯಲ್ಲಿ ಗಂಟೆ ಕೂಗಲೇ ಇಲ್ಲ. ಉಳಿದ ಎರಡರಲ್ಲಿ ತುಂತುರು ಮುಗಿದು ಜೋರು ಮಳೆ ಹಿಡಿದ ಮೇಲೆ, ಅಜ್ಜಿಯರು ಅರ್ಧ ಅಡಿಕೆಯನ್ನು ಮುಚ್ಚಿಯಾದ ಮೇಲೆ, ಸಣ್ಣ ದನಿಯಲ್ಲಿ ಕೂಗಿತು. ಏಳನೆಯ ತರಗತಿಯ ಆ ಹುಡುಗಿ ಪುಸ್ತಕದಲ್ಲಿ ಬರೆದದ್ದು ಇಷ್ಟು: ಗಂಟೆಗಿಂತ ಅಜ್ಜಿ ಬೇಗ.

ದೋಷವನ್ನು ಹುಡುಕಿದ ಬಗೆ

ಮಕ್ಕಳು ಮೊದಲು ಬ್ಯಾಟರಿಯನ್ನು ದೂರಿದರು. ಹೊಸ ಬ್ಯಾಟರಿ ಹಾಕಿ ಬಾಟಲಿಯ ನೀರು ಚಿಮುಕಿಸಿದರೆ ಜೋರಾಗಿ ಕೂಗಿತು. ಹಳೆಯದನ್ನು ಹಾಕಿದರೂ ಕೂಗಿತು. ಮಂಡಲವನ್ನು ಯಾರೂ ಅನುಮಾನಿಸಲಿಲ್ಲ, ಏಕೆಂದರೆ ಅದನ್ನು ಕೊಟ್ಟವನು ನಾನು. ನಾಲ್ಕು ತಿಂಗಳಲ್ಲಿ ನಾನು ಕಲಿತದ್ದರಲ್ಲಿ ಇದು ದೊಡ್ಡದು: ಹಿರಿಯರು ಕೊಟ್ಟ ಉತ್ತರದೊಳಗೆ ಅವರು ಪರೀಕ್ಷಿಸದ ಊಹೆಯೊಂದು ಅಡಗಿರುತ್ತದೆ, ಮಕ್ಕಳು ಆ ಊಹೆಯನ್ನು ಮುಟ್ಟಲು ಹಿಂಜರಿಯುತ್ತಾರೆ. ನೀರು ಎಂದರೆ ನೀರು ಎಂಬುದೇ ನನ್ನ ಊಹೆಯಾಗಿತ್ತು.

ಎರಡನೆಯ ಅನುಮಾನ ತಂತಿಗಳ ನಡುವಿನ ಅಂತರದ ಮೇಲೆ ಬಿತ್ತು. ಅಂತರ ಒಂದು ಅಕ್ಕಿಕಾಳಿನ ಉದ್ದದಷ್ಟಿತ್ತು. ತುಂತುರಿನ ಹನಿ ಅದಕ್ಕಿಂತ ಬಹಳ ಚಿಕ್ಕದಾದ್ದರಿಂದ ಒಂದು ತಂತಿಯಿಂದ ಇನ್ನೊಂದಕ್ಕೆ ಸೇತುವೆಯಾಗುವುದಿಲ್ಲ ಎಂದು ಎಂಟನೆಯ ತರಗತಿಯ ಹುಡುಗನೊಬ್ಬ ಚಿತ್ರ ಬರೆದು ತೋರಿಸಿದ. ಅಂತರವನ್ನು ಎರಡು ಮಿಲಿಮೀಟರಿಗೆ ಇಳಿಸಿದರು. ಆಗಲೂ ಬಾಟಲಿಯ ನೀರಿಗೆ ಸರಿಯಾಗಿ ಕೂಗಿತೇ ಹೊರತು, ಒಂದು ಸಂಜೆ ಬಂದ ತುಂತುರಿಗೆ ಕ್ಷೀಣವಾಗಿ ಮಾತ್ರ ಮಿಡಿಯಿತು. ಹಾಗಾದರೆ ಅಂತರವೂ ಒಂದು ಕಾರಣ, ಅದೊಂದೇ ಕಾರಣವಲ್ಲ.

ಮೂರನೆಯದು ನೀರಿನ ಮೇಲಿನ ಅನುಮಾನ. ಇದನ್ನು ಎತ್ತಿದವನು ಒಲ್ಲದ ಮನಸ್ಸಿನಿಂದ ಪುಸ್ತಕ ಹಿಡಿದಿದ್ದ ಹುಡುಗ. ಪ್ರತಿ ಪರೀಕ್ಷೆಯ ಪಕ್ಕದಲ್ಲಿ ಯಾವ ನೀರು ಎಂದು ಬರೆಯುತ್ತ ಬಂದಿದ್ದ ಅವನಿಗೆ, ಕೂಗಿದ ಸಾಲುಗಳೆಲ್ಲ ಬಾಟಲಿಯ ನೀರು, ಕೂಗದ ಸಾಲುಗಳೆಲ್ಲ ಆಕಾಶದ ನೀರು ಎಂಬುದು ಕಣ್ಣಿಗೆ ಬಿತ್ತು. ಮುಂದಿನ ಮಳೆಗೆ ಇಬ್ಬರು ಮಕ್ಕಳು ನೀರು ಹಿಡಿದು ತಂದರು. ಒಬ್ಬಳು ಅಂಗಳದ ನಡುವೆ ಇಟ್ಟ ಸ್ಟೀಲ್ ತಪ್ಪಲೆಯಲ್ಲಿ ಹಿಡಿದಿದ್ದಳು, ಇನ್ನೊಬ್ಬ ಹಂಚಿನ ಮಾಡಿನ ಸೂರಿನಡಿ ಬಕೆಟ್ ಇಟ್ಟಿದ್ದ. ಇಂಕು ಹಾಕುವ ಫಿಲ್ಲರಿನಿಂದ ಒಂದೇ ಗಾತ್ರದ ಹನಿಗಳನ್ನು ಹಾಕುತ್ತ ಹೋದರು. ಬಾವಿನೀರಿಗೆ ಗಂಟೆ ಚೆನ್ನಾಗಿ ಕೂಗಿತು. ತಪ್ಪಲೆಯ ಮಳೆನೀರಿಗೆ ಗುಂಯ್ ಎನ್ನುವ ಸದ್ದು ಮಾತ್ರ. ಆದರೆ ಸೂರಿನ ಮಳೆನೀರಿಗೆ ಜೋರಾಗಿ ಕೂಗಿಬಿಟ್ಟಿತು! ಅದೂ ಮಳೆನೀರೇ ಅಲ್ಲವೆ? ತರಗತಿ ಆ ದಿನ ಗೊಂದಲದಲ್ಲೇ ಮುಗಿಯಿತು. ಉತ್ತರ ಹೇಳಿಬಿಡಲು ನನ್ನ ನಾಲಿಗೆ ತುದಿಯಲ್ಲಿ ಮಾತಿದ್ದರೂ, ಶಿಕ್ಷಕಿ ಕಣ್ಸನ್ನೆಯಿಂದ ತಡೆದರು.

ಮುಂದಿನ ವಾರ ಅವರು ಕೇಳಿದ್ದು ಒಂದೇ ಪ್ರಶ್ನೆ: ಸೂರಿನಿಂದ ಇಳಿಯುವಾಗ ನೀರು ಏನನ್ನೆಲ್ಲ ತೊಳೆದುಕೊಂಡು ಬಂತು? ಹಂಚಿನ ಧೂಳು, ಪಾಚಿ, ಹಕ್ಕಿಯ ಹಿಕ್ಕೆ, ಒಲೆಯ ಮಸಿ ಎಂದು ಮಕ್ಕಳು ಹೇಳುತ್ತ ಹೋದಂತೆ, ನೀರಿಗಿಂತ ನೀರಿನಲ್ಲಿ ಕರಗಿದ್ದು ಮುಖ್ಯ ಎಂಬಲ್ಲಿಗೆ ಮಾತು ತಾನಾಗಿ ಬಂತು. ತಪ್ಪಲೆಯ ನೀರಿಗೆ ಚಿಟಿಕೆ ಉಪ್ಪು ಹಾಕಿ ನೋಡಿದರು. ಗಂಟೆ ಕೂಗಿತು. ಎಂಟನೆಯ ತರಗತಿಯವರು ವಿದ್ಯುತ್ ಪ್ರವಾಹದ ರಾಸಾಯನಿಕ ಪರಿಣಾಮಗಳ ಪಾಠದಲ್ಲಿ, ಭಟ್ಟಿ ಇಳಿಸಿದ ನೀರು ವಿದ್ಯುತ್ತನ್ನು ಒಯ್ಯುವುದಿಲ್ಲ, ಉಪ್ಪು ಹಾಕಿದರೆ ಒಯ್ಯುತ್ತದೆ ಎಂದು ಓದಿ, ಪರೀಕ್ಷೆಯಲ್ಲಿ ಬರೆದು, ಅಂಕವನ್ನೂ ಪಡೆದಿದ್ದರು. ಬಿಸಿಲು ಸಮುದ್ರದ ನೀರನ್ನು ಭಟ್ಟಿ ಇಳಿಸಿ ಮೋಡವಾಗಿಸುತ್ತದೆ ಎಂಬುದನ್ನೂ ಜಲಚಕ್ರದ ಪಾಠದಲ್ಲಿ ಓದಿದ್ದರು. ಎರಡೂ ಪಾಠಗಳು ಒಂದೇ ನೀರಿನ ಬಗ್ಗೆ ಎಂಬುದು ಯಾರಿಗೂ, ಮಂಡಲ ಬರೆದುಕೊಟ್ಟ ನನಗೂ, ಹೊಳೆದಿರಲಿಲ್ಲ.

ಉಪ್ಪು, ಹಪ್ಪಳ, ಪತ್ರಿಕೆ

ಪರಿಹಾರ ಸುಲಭವೆನಿಸಿತು. ಉಪ್ಪುನೀರಿನಲ್ಲಿ ಅದ್ದಿ ಒಣಗಿಸಿದ ಬಟ್ಟೆಯ ತುಂಡನ್ನು ತಂತಿಗಳ ಮೇಲೆ ಹಾಸಿದರೆ, ಮಳೆಹನಿಯೇ ಉಪ್ಪನ್ನು ಕರಗಿಸಿಕೊಂಡು ಒಳ್ಳೆಯ ವಾಹಕವಾಗುತ್ತದೆ. ತರಗತಿಯಲ್ಲಿ ಇದು ಸೊಗಸಾಗಿ ನಡೆಯಿತು, ಹನಿ ಬಿದ್ದ ಗಳಿಗೆಯಲ್ಲೇ ಕೂಗಿತು. ಆದರೆ ಮನೆಗಳಲ್ಲಿ ಮೂರೂ ಗಂಟೆಗಳು ಬೆಳಗಿನ ಜಾವ ಕೂಗಿ ಎಲ್ಲರನ್ನೂ ಎಬ್ಬಿಸಿದವು. ಮಳೆಯಿರಲಿಲ್ಲ, ಇಬ್ಬನಿಯಿತ್ತು. ನಮ್ಮ ಕರಾವಳಿಯ ಗಾಳಿಯಲ್ಲಿ ಉಪ್ಪಿನ ಭರಣಿ ತಾನಾಗಿ ಒದ್ದೆಯಾಗುವುದು ಪ್ರತಿ ಮನೆಯ ಅಡುಗೆಮನೆಗೂ ಗೊತ್ತಿರುವ ಸಂಗತಿ. ಬಟ್ಟೆಯಲ್ಲಿನ ಉಪ್ಪೂ ಗಾಳಿಯ ತೇವವನ್ನು ಹೀರಿಕೊಂಡಿತ್ತು. ಎರಡನೆಯ ರಾತ್ರಿಯ ನಂತರ ಒಂದು ಮನೆಯ ಅಜ್ಜಿ ಬ್ಯಾಟರಿಯನ್ನು ಕಿತ್ತು ಕಪಾಟಿನಲ್ಲಿಟ್ಟರು. ಇಬ್ಬನಿಗೆ ಕೂಗಬಾರದೆಂದು ಮಕ್ಕಳೇ ನವೆಂಬರಿನಲ್ಲಿ ಬರೆದ ಷರತ್ತು ಪುಸ್ತಕದಲ್ಲಿ ಇಲ್ಲದೆ ಹೋಗಿದ್ದರೆ, ಇದನ್ನು ನಾವು ಯಶಸ್ಸು ಎಂದೇ ಬಗೆದು ಮೇಳಕ್ಕೆ ಒಯ್ಯುತ್ತಿದ್ದೆವು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಎರಡು ಶನಿವಾರಗಳು ಹೆಚ್ಚಾಗಿರಲಿಲ್ಲ.

ಇನ್ನೊಂದು ತೊಂದರೆಯೂ ಕಾಣಿಸಿಕೊಂಡಿತ್ತು. ತಂತಿಗಳಿಗೆ ಕಿಲುಬು ಹಿಡಿದಿತ್ತು, ಅದೂ ಎರಡಕ್ಕೂ ಸಮನಾಗಿ ಅಲ್ಲ. ಬ್ಯಾಟರಿಯ ಧನ ತುದಿಗೆ ಸೇರಿದ ತಂತಿ ಮಾತ್ರ ಹಸಿರುಗಟ್ಟಿ ಸವೆದಿತ್ತು. ವಿದ್ಯುತ್ತು ಉಪ್ಪುನೀರಿನ ಮೂಲಕ ಒಂದೇ ದಿಕ್ಕಿನಲ್ಲಿ ಹರಿಯುವಾಗ ಧನ ತುದಿಯ ತಾಮ್ರ ಕರಗುತ್ತದೆ. ಲೋಹಲೇಪನದ ಪಾಠ ಅಲ್ಲೇ ಮುಚ್ಚಳದ ಮೇಲೆ ನಡೆದುಹೋಗಿತ್ತು.

ಈ ಹಂತದಲ್ಲಿ ಮಕ್ಕಳು ಸೋತವರಂತೆ ಕುಳಿತಿದ್ದರು. ಬಂಟ್ವಾಳ ತಾಲೂಕಿನ ಅಡ್ಯನಡ್ಕದ ಬಳಿಯ ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು, ಒಂದರ ಮೇಲೊಂದು ಸುರಂಗದಲ್ಲಿ ನೀರು ಸಿಗದೆ ಹೋದರೂ ಬಿಡದೆ, ಕೊನೆಗೆ ನೀರು ತಂದು ತೋಟ ಮಾಡಿದ ಅಮೈ ಮಹಾಲಿಂಗ ನಾಯ್ಕರ ಕಥೆಯನ್ನು ಶಿಕ್ಷಕಿ ಹೇಳಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದದ್ದು ಮಕ್ಕಳಿಗೂ ಗೊತ್ತಿತ್ತು. ನನಗೆ ಮಾತ್ರ, ಇನ್ನೊಂದು ಟ್ರಾನ್ಸಿಸ್ಟರನ್ನು ಸೇರಿಸಿ ಸೂಕ್ಷ್ಮತೆಯನ್ನು ಹೆಚ್ಚಿಸುವ ಮಂಡಲವನ್ನು ಬರೆದುಕೊಡುವ ಚಪಲ ಹುಟ್ಟಿತ್ತು. ಒಂದು ವಾರ ಸುಮ್ಮನಿರಿ ಸರ್ ಎಂದರು ಶಿಕ್ಷಕಿ. ಈಗ ಯೋಚಿಸಿದರೆ, ಆ ಮಂಡಲ ಮಳೆಯನ್ನೂ ಇಬ್ಬನಿಯನ್ನೂ ಒಂದೇ ತೆರನಾಗಿ ಹಿಡಿಯುತ್ತಿತ್ತು. ಮಕ್ಕಳು ಇನ್ನೊಂದು ತಿಂಗಳು ನನ್ನ ಹಿಂದೆ ನಡೆಯುತ್ತಿದ್ದರು.

ಆ ವಾರದಲ್ಲಿ ಕೆಲಸ ದಾರಿ ಬದಲಿಸಿತು. ನೀರಿನ ಮೂಲಕ ವಿದ್ಯುತ್ತನ್ನು ಹರಿಸುವುದೇ ಬೇಡ, ನೀರು ತಾಗಿದರೆ ಕೆಡುವ ವಸ್ತುವೊಂದು ಗಂಟೆಯನ್ನು ತಡೆದು ಹಿಡಿದಿರಲಿ ಎಂದು ಎರಡನೆಯ ತಂಡ ಯೋಚಿಸಿತು. ಬಟ್ಟೆ ಒಣಹಾಕುವ ಕ್ಲಿಪ್ಪಿನ ಬಾಯಿಯ ಎರಡೂ ಕಡೆ ಒಂದೊಂದು ಡ್ರಾಯಿಂಗ್ ಪಿನ್ ಚುಚ್ಚಿ, ಅವಕ್ಕೆ ತಂತಿ ಕಟ್ಟಿ, ನಡುವೆ ಹಪ್ಪಳದ ಚೂರನ್ನು ಕಚ್ಚಿಸಿದರು. ಹಪ್ಪಳ ನೆನೆದು ಮೆತ್ತಗಾದರೆ ಪಿನ್ನುಗಳು ಒಂದನ್ನೊಂದು ಮುಟ್ಟಬೇಕು. ಮುಟ್ಟಿದವು, ಆದರೆ ಬಹಳ ಹೊತ್ತಿನ ಮೇಲೆ. ಮರುದಿನ ಇರುವೆಗಳು ಬಂದು ಉಳಿದದ್ದನ್ನು ಮುಗಿಸಿದವು. ಹಪ್ಪಳದ ಬದಲು ಪತ್ರಿಕೆಯ ಕಾಗದ ಎಂದವನು ಆರನೆಯ ತರಗತಿಯ ಹುಡುಗ. ಮಳೆಗಾಲದಲ್ಲಿ ಒದ್ದೆಯಾಗಿ ಬರುವ ಪತ್ರಿಕೆಯನ್ನು ಬಿಡಿಸಹೊರಟು ಹರಿದಾಗ ಅವನ ತಂದೆ ಬೈದುಕೊಳ್ಳುತ್ತಾರಂತೆ.

ಅವರು ಮಾಡಿದ ಜೋಡಣೆ ಸರಳವಾದದ್ದು. ಕ್ಲಿಪ್ಪಿನ ಹಿಂಬದಿಯ ಎರಡು ಕಾಲುಗಳನ್ನು ಒತ್ತಿ ಹಿಡಿದರೆ ಬಾಯಿ ತೆರೆದಿರುತ್ತದೆ. ಕೈಯಿಂದ ಹಿಡಿಯುವ ಬದಲು ಕಾಗದದ ಪಟ್ಟಿಯನ್ನು ಕಾಲುಗಳ ಸುತ್ತ ಬಿಗಿದು ಅನ್ನದ ಅಗುಳಿನಿಂದ ಅಂಟಿಸಿದರು. ಪಟ್ಟಿ ನೆನೆದು ಹರಿದ ಕ್ಷಣ ಸ್ಪ್ರಿಂಗ್ ಕಾಲುಗಳನ್ನು ದೂಡಿ, ಬಾಯಿ ಮುಚ್ಚಿ, ಪಿನ್ನುಗಳು ತಾಗಿ ಬಝರ್ ಕೂಗುತ್ತದೆ. ಕಾಗದದ ನಾರುಗಳು ಒಣಗಿದ್ದಾಗ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುತ್ತವೆ, ನೀರು ನುಗ್ಗಿದರೆ ಆ ಹಿಡಿತ ಬಿಡುತ್ತದೆ. ಪತ್ರಿಕೆಯ ಕಾಗದ ನೀರನ್ನು ಬೇಗ ಹೀರುವಂಥದ್ದು ಬೇರೆ. ಮಳೆನೀರಿನಲ್ಲಿ ಉಪ್ಪಿದೆಯೋ ಇಲ್ಲವೋ ಎಂಬ ಪ್ರಶ್ನೆಯೇ ಇಲ್ಲವಾಯಿತು, ತಂತಿ ಕರಗುವ ತೊಂದರೆಯೂ ಹೋಯಿತು. ನಾನು ತಂದುಕೊಟ್ಟ ಟ್ರಾನ್ಸಿಸ್ಟರ್ ಕೂಡ ಬೇಡವಾಗಿ ಡಬ್ಬಿಗೆ ಮರಳಿತು.

ಇದ್ದದ್ದು ಅಗಲದ ಪ್ರಶ್ನೆ. ಮುಚ್ಚಳಕ್ಕೆ ಸೂಜಿಯಿಂದ ತೂತು ಮಾಡಿದ ಬಾಟಲಿಯೇ ಅವರ ತುಂತುರು. ಒಂದು ಸೆಂಟಿಮೀಟರ್ ಅಗಲದ ಹತ್ತು ಪಟ್ಟಿಗಳಲ್ಲಿ ನಾಲ್ಕು, ನೀರು ತಾಗದೆಯೇ ರಾತ್ರಿ ಹರಿದಿದ್ದವು. ಮೂರು ಸೆಂಟಿಮೀಟರಿನವು ಎರಡು ನಿಮಿಷವಾದರೂ ಹರಿಯಲಿಲ್ಲ. ಒಂದೂವರೆ ಸೆಂಟಿಮೀಟರಿನ ಹತ್ತರಲ್ಲಿ ಎಂಟು, ಒಂದು ನಿಮಿಷದೊಳಗೆ ಹರಿದವು, ರಾತ್ರಿಯ ಇಬ್ಬನಿಯಲ್ಲಿ ಒಂದು ಮಾತ್ರ ಸೋತಿತು. ನಡುವೆ ಒಂದು ವಿಚಿತ್ರ ಎದುರಾಯಿತು. ಒಂದೇ ಅಗಲದ ಪಟ್ಟಿಗಳಲ್ಲಿ ಕೆಲವು ಗಟ್ಟಿ, ಕೆಲವು ದುರ್ಬಲ. ಪತ್ರಿಕೆಯನ್ನು ಮೇಲಿನಿಂದ ಕೆಳಕ್ಕೆ ಹರಿದರೆ ನೇರವಾಗಿ ಹರಿಯುತ್ತದೆ, ಅಡ್ಡಕ್ಕೆ ಹರಿದರೆ ಸೊಟ್ಟಪಟ್ಟ ಹರಿಯುತ್ತದೆ ಎಂಬುದನ್ನು ಹುಡುಗಿಯೊಬ್ಬಳು ತೋರಿಸಿದ ಮೇಲೆ ಗುಟ್ಟು ಬಿಚ್ಚಿತು: ಕಾಗದ ತಯಾರಾಗುವಾಗ ಯಂತ್ರ ಸಾಗುವ ದಿಕ್ಕಿಗೆ ನಾರುಗಳು ಹೆಚ್ಚಾಗಿ ಮಲಗಿರುತ್ತವೆ, ಆ ದಿಕ್ಕಿನಲ್ಲಿ ಎಳೆದರೆ ಕಾಗದ ಗಟ್ಟಿ. ಅಂದಿನಿಂದ ಪಟ್ಟಿಗಳನ್ನು ಅಂಕಣದ ಉದ್ದಕ್ಕೇ ಕತ್ತರಿಸಿದರು. ಇಷ್ಟು ಪರೀಕ್ಷೆಗೆ ಮೂರು ಶನಿವಾರಗಳೂ, ಶಿಕ್ಷಕರ ಕೊಠಡಿಯ ಒಂದು ತಿಂಗಳ ಹಳೆಯ ಪತ್ರಿಕೆಗಳೂ ಖರ್ಚಾದವು. ಮಳೆಗಾಲದ ಈ ಅರಿವನ್ನು ಬೇಸಿಗೆಯ ಹೊಸ್ತಿಲಲ್ಲಿ ಪರೀಕ್ಷಿಸಿದ್ದರಿಂದ, ಈ ಕೊನೆಯ ಮಾದರಿಗೆ ಫೆಬ್ರವರಿಯವರೆಗೆ ನಿಜವಾದ ಮಳೆ ಸಿಗಲಿಲ್ಲ ಎಂಬ ಕೊರತೆ ಈ ದಾಖಲೆಗಿದೆ.

ಟಾರ್ಪಾಲಿನ ತಂಡದ್ದು ಬೇರೆಯೇ ಪಾಡು. ಬಾವಿಯ ರಾಟೆ ಹಗ್ಗಗಳನ್ನು ತಂದು ಟಾರ್ಪಾಲನ್ನು ಒಂದೇ ಕಡೆಯಿಂದ ಎಳೆದಾಗ, ಅದು ಅಡಿಕೆಯನ್ನೂ ಉರುಳಿಸಿಕೊಂಡು ಅಂಗಳದ ತುದಿಗೆ ರಾಶಿ ಹಾಕಿತು. ಎಳೆಯುವ ಬದಲು ಅಡಿಕೆ ಮರದ ಸಪೂರ ಕೋಲಿಗೆ ಸುತ್ತಿಟ್ಟು ಉರುಳಿಸುತ್ತ ಬಿಚ್ಚುವ ಯೋಚನೆಯವರೆಗೆ ಬಂದರು. ಒಂದು ಅಂಗಳದಲ್ಲಿ ಏಳು ನಿಮಿಷದ ಕೆಲಸ ಮೂರಕ್ಕೆ ಇಳಿದದ್ದೂ ಉಂಟು. ಅಷ್ಟರಲ್ಲಿ ವಾರ್ಷಿಕ ಪರೀಕ್ಷೆಯ ತಯಾರಿ ಬಂತು.

ಮೌಲ್ಯಮಾಪನ

ಅಂಕ ಕೊಡಬೇಕಾದಾಗ ಶಿಕ್ಷಕಿ ಸಾಧನಗಳನ್ನು ಮೇಜಿನ ಮೇಲೆ ಇಡಿಸಲಿಲ್ಲ, ಪುಸ್ತಕಗಳನ್ನು ತರಿಸಿಕೊಂಡರು. ಎಡ ಪುಟದಲ್ಲಿ ಅಂದುಕೊಂಡದ್ದು, ಬಲ ಪುಟದಲ್ಲಿ ಆದದ್ದು, ಎಲ್ಲೂ ರಬ್ಬರಿನಿಂದ ಅಳಿಸಬಾರದು ಎಂಬುದು ಮೊದಲ ದಿನದ ನಿಯಮ. ಕಲಿಕೆಯ ಜೊತೆಜೊತೆಗೇ ನಡೆಯುವ ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಯ ಅಂಕಗಳನ್ನು ಅವರು ಎಡ ಬಲ ಪುಟಗಳ ವ್ಯತ್ಯಾಸವನ್ನು ಮಗು ಹೇಗೆ ವಿವರಿಸಿದೆ ಎಂಬುದರ ಮೇಲೆ ಕೊಟ್ಟರು. ಸಾಧನ ಪೂರ್ತಿಯಾಗದ ಟಾರ್ಪಾಲಿನ ತಂಡದ ಒಬ್ಬಳಿಗೆ ಎಲ್ಲರಿಗಿಂತ ಹೆಚ್ಚು ಅಂಕ ಬಂದಾಗ ಒಬ್ಬ ಪೋಷಕರು ಬಂದು ವಿಚಾರಿಸಿದರು. ಶಿಕ್ಷಕಿ ಅವರ ಮಗನ ಪುಸ್ತಕವನ್ನೂ ಆ ಹುಡುಗಿಯ ಪುಸ್ತಕವನ್ನೂ ಪಕ್ಕಪಕ್ಕದಲ್ಲಿಟ್ಟರು. ಅವರು ಓದಿ, ಏನೂ ಹೇಳದೆ ಹೋದರು. ಒಪ್ಪಿದರೆಂದು ನಾನು ಹೇಳಲಾರೆ.

ಈ ಬಗೆಯ ತರಗತಿಗೆ ಬೇಕಾದ ಸಮಯ ದೊಡ್ಡದು, ಅದನ್ನು ಮುಚ್ಚಿಡಬಾರದು. ಒಂದು ಮಳೆಗಂಟೆಗಾಗಿ ಹದಿನಾಲ್ಕು ಶನಿವಾರಗಳು ಹೋಗಿವೆ. ಅದೇ ಅವಧಿಯಲ್ಲಿ ಪೆಟ್ಟಿಗೆಯ ಪುಸ್ತಿಕೆಯಿಂದ ಇಪ್ಪತ್ತು ಮಾದರಿಗಳನ್ನು ಜೋಡಿಸಬಹುದಿತ್ತು. ಎಲ್ಲ ಮಕ್ಕಳೂ ಸಮನಾಗಿ ಕಲಿತರೆಂದೂ ಅಲ್ಲ. ನಿಂತುಹೋದ ಎರಡು ತಂಡಗಳ ಮಕ್ಕಳಿಗೆ ನಾವಿಬ್ಬರೂ ಸಾಕಷ್ಟು ಹೊತ್ತು ಕೊಡಲಿಲ್ಲ, ಮಳೆಗಂಟೆಯ ಕುತೂಹಲ ನಮ್ಮನ್ನೇ ಎಳೆದುಕೊಂಡಿತ್ತು. ಮುಂದಿನ ವರ್ಷ ತಂಡಗಳನ್ನು ಮೂರಕ್ಕೆ ಇಳಿಸಬೇಕೆಂದೂ, ಮಕ್ಕಳ ಮೊದಲ ಮಾದರಿ ಸೋಲುವವರೆಗೆ ನಾನು ಯಾವ ಮಂಡಲವನ್ನೂ ಬರೆದುಕೊಡಬಾರದೆಂದೂ ಶಿಕ್ಷಕಿ ನನ್ನಿಂದ ಮಾತು ತೆಗೆದುಕೊಂಡಿದ್ದಾರೆ.

ಫೆಬ್ರವರಿಯ ಕೊನೆಯ ಶನಿವಾರ ಏಳನೆಯ ತರಗತಿಯ ಹುಡುಗಿ ಪುಸ್ತಕದಲ್ಲಿ ಹೊಸ ಪುಟವೊಂದನ್ನು ತೆರೆದಿದ್ದಳು. ಅವಳ ಅಜ್ಜಿ ಕ್ಲಿಪ್ಪನ್ನೂ ಬ್ಯಾಟರಿಯನ್ನೂ ತೆಗೆದುಹಾಕಿ, ಅಂಗಳದ ಚಪ್ಪರದ ಗಳುವಿನಿಂದ ಪತ್ರಿಕೆಯ ಪಟ್ಟಿಯಲ್ಲಿ ಒಂದು ಒಣ ತೆಂಗಿನಕಾಯಿಯನ್ನು ತೂಗಹಾಕಿ, ಅದರಡಿಯಲ್ಲಿ ಹಳೆಯ ತಗಡಿನ ಶೀಟು ಇಟ್ಟಿದ್ದರು. ಪಟ್ಟಿ ಹರಿದರೆ ಕಾಯಿ ತಗಡಿನ ಮೇಲೆ ಬೀಳುತ್ತದೆ, ಸದ್ದು ಪಕ್ಕದ ಮನೆಗೂ ಕೇಳಿಸುತ್ತದೆ. ಎಡ ಪುಟದಲ್ಲಿ ಚಿತ್ರ ಬರೆದು ಅವಳು ಕೆಳಗೆ ಹೀಗೆ ದಾಖಲಿಸಿದ್ದಳು: ಅಜ್ಜಿಯ ವಿನ್ಯಾಸ. ಖರ್ಚು ಇಲ್ಲ. ಮತ್ತೆ ಹೂಡಲು ನನ್ನನ್ನು ಕರೆಯುವುದಿಲ್ಲ. ಗಾಳಿಗೆ ಕಾಯಿ ತೂಗಾಡುತ್ತದೆ, ಪಟ್ಟಿ ತಾಳುತ್ತದೆಯೇ ನೋಡಬೇಕು. ಬಲ ಪುಟ ಇನ್ನೂ ಖಾಲಿಯಿತ್ತು.